ಕೈ ಕಟ್ಟಿ ಕೂರುವ ಕೆಲಸ

ಜನವರಿ 12

ಮಗನೇ,

ನಿನ್ನ ಕಾಗದ ಬಂತು. ಹಡಗು ಬಂದರಿನ ಹೊರಗೆ ಲಂಗರು ಹಾಕಿದೆ, ಸರಕೆಲ್ಲ ಇಳಿಸಿಯಾಗಿದೆ, ನಿನ್ನ ಒಪ್ಪಂದವೂ ಮುಗಿದಿದೆ, ಇನ್ನೇನು ಕೆಲವೇ ದಿನಗಳಲ್ಲಿ ಇಳಿಸಿ ಮನೆಗೆ ಕಳಿಸುತ್ತಾರೆ ಎಂದು ಬರೆದಿದ್ದೀಯ. ಓದಿ ನಿನ್ನ ಹಾಸಿಗೆಯ ಹೊದಿಕೆ ಒಗೆದು ಹಾಕಿದೆ. ಅಲ್ಲಿಗೆ ಫೋನು ಸಿಗುವುದಿಲ್ಲ, ನೀರು ತರಕಾರಿ ತರುವ ದೋಣಿಯವನ ಕೈಯಲ್ಲೇ ಕಾಗದ ಕೊಡಬೇಕು ಅಂದಿದ್ದಕ್ಕೆ ನಿಮ್ಮಪ್ಪ, "ಹಡಗಿನ ಇಂಜಿನ್ ರಿಪೇರಿ ಮಾಡೋನಿಗೆ ಒಂದು ಫೋನ್ ಸರಿ ಮಾಡ್ಕೊಳ್ಳೋಕೆ ಬರಲ್ವಾ?" ಎಂದರು. ಮಲಗಿದಲ್ಲಿಂದಲೇ ಅಂದರು ಅನ್ನು. ಹೋಟೆಲಿನ ಒದ್ದೆ ಹಾಸುಬಟ್ಟೆಯ ಗಂಟು ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿದೆ. ನಮ್ಮ ಲಾಂಡ್ರಿಯ ಕೆಲಸವೆಲ್ಲ ಈಗ ನನ್ನ ತಲೆಗೇ ಬಿದ್ದಿದೆ.

ಒಗೆಯುವುದು ಇಸ್ತ್ರಿ ಹಾಕುವುದು ನನಗೆ ಹೊಸದಲ್ಲ. ವ್ಯಾನು ಓಡಿಸುವುದೂ ಬರುತ್ತದೆ. ಆದರೆ ಅದು ಶುರುವಾಗಬೇಕಲ್ಲ! ಕೀಲಿ ತಿರುಗಿಸಿದರೆ ಟಕ್ ಟಕ್ ಎನ್ನುತ್ತದೆ, ಅಷ್ಟೆ. ಗ್ಯಾರೇಜಿನವನು ನಾಳೆ ಬರುತ್ತೇನೆ ಎನ್ನುತ್ತಾನೆ, ಅವನ ನಾಳೆ ಯಾವತ್ತೂ ಬರುವುದಿಲ್ಲ. ಸದ್ಯಕ್ಕೆ ದಿನಾ ಬೆಳಿಗ್ಗೆ ಬೀದಿಯ ಜನರ ಕೈಲಿ ತಳ್ಳಿಸಿ ಹೊರಡುತ್ತಿದ್ದೇನೆ. ಮೊದಲು ನಗುತ್ತಾ ತಳ್ಳುತ್ತಿದ್ದವರು ಈಗ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ನಾನೇ ಏನಾದರೂ ಮಾಡಲಿಕ್ಕೆ ಆಗುತ್ತದಾ, ಬಿಡಿಸಿ ಬರೆ.

ಬೇಗ ಬಾ.

ನಿನ್ನ ಅಮ್ಮ

ಜನವರಿ 30

ಅಮ್ಮಾ,

ಟಕ್ ಟಕ್ ಅಂದರೆ ಇಂಜಿನ್ ಕೆಟ್ಟಿಲ್ಲ, ಹೆದರಬೇಡ. ಬಾನೆಟ್ ಎತ್ತಿ ಬ್ಯಾಟರಿ ನೋಡು. ವೈರು ಕೂತಿರುವ ಎರಡು ತುದಿಯಲ್ಲೂ ಬಿಳಿ ಹಸಿರು ಪುಡಿ ಕಟ್ಟಿರುತ್ತದೆ, ಕರೆಂಟನ್ನು ಅದೇ ತಡೆಯುವುದು. ಕೈಯ ಉಂಗುರ ತೆಗೆದಿಡು. ಮೊದಲು ಮೈನಸ್ ಗುರುತಿನ ವೈರು ಬಿಚ್ಚು, ಆಮೇಲೆ ಪ್ಲಸ್. ಹಾಕುವಾಗ ತಿರುಗಾ ಮುರುಗಾ, ಪ್ಲಸ್ ಮೊದಲು. ಇದನ್ನು ಮಾತ್ರ ಮರೆಯಬೇಡ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಅಪ್ಪನ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕು, ಒಣಬಟ್ಟೆಯಲ್ಲಿ ಒರೆಸಿ, ಅಲ್ಲಾಡದ ಹಾಗೆ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರು. ಹೊಸ ಬ್ರಷ್ಷು ತೆಗೆದುಕೊಂಡು ಅಪ್ಪನ ಹತ್ತಿರ ಬೈಸಿಕೊಳ್ಳಬೇಡ.

ಇಲ್ಲಿಯ ಸುದ್ದಿ ಅಷ್ಟು ಸುಲಭವಾಗಿಲ್ಲ. ದಡದಿಂದ ಎಷ್ಟು ಸಲ ಮಾಡಿದರೂ ಹಡಗಿನ ಮಾಲೀಕ ಫೋನು ಎತ್ತುತ್ತಿಲ್ಲವಂತೆ. ಕ್ಯಾಪ್ಟನ್ನು ಎದೆನೋವು ಎಂದು ಇಳಿದು ಹೋದವನು ತಿರುಗಿ ಬರಲಿಲ್ಲ. ನಾಲ್ಕು ಜನ ಉಳಿದಿದ್ದೇವೆ. ಹಡಗನ್ನು ಜನರಿಲ್ಲದೆ ಬಿಡುವ ಹಾಗಿಲ್ಲ ಎಂಬುದು ಬಂದರಿನ ಕಾನೂನು. ಬದಲಿ ಜನ ಬಂದ ಕೂಡಲೇ ಇಳಿಸುತ್ತಾರಂತೆ. ನಮ್ಮ ಪಾಸ್‌ಪೋರ್ಟೆಲ್ಲ ಮಾಲೀಕನ ಪರವಾಗಿ ಬರುವ ಏಜೆಂಟಿನ ಹತ್ತಿರ ಇವೆ.

ದೊಡ್ಡ ಜನರೇಟರ್‌ಗಳು ಎಂದೋ ನಿಂತಿವೆ. ಡೆಕ್ಕಿನ ಮೇಲಿನ ಸಣ್ಣದೊಂದನ್ನು ನಾನೇ ಹೇಗೋ ಓಡಿಸುತ್ತಿದ್ದೇನೆ. ಹಡಗು ಇಲ್ಲಿದೆ ಎಂದು ತೋರಿಸುವ ಕಂಬದ ದೀಪ, ನೀರಿನ ಪಂಪು, ಅಡುಗೆಮನೆ ಎಲ್ಲಕ್ಕೂ ಅದೇ ಗತಿ. ಮೊನ್ನೆ ಏಜೆಂಟು ಬಂದವನು ಅದರ ಸದ್ದು ಕೇಳಿ ನನ್ನ ಬೆನ್ನು ತಟ್ಟಿದ. "ನಿನ್ನಂಥ ಕೈ ಹಡಗಲ್ಲಿ ಇರೋವರೆಗೆ ನಮಗೇನೂ ಚಿಂತೆ ಇಲ್ಲ ಬಿಡಪ್ಪ" ಎಂದ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ನಿನ್ನ ಮಗ

ಫೆಬ್ರವರಿ 21

ಮಗನೇ,

ಶುರುವಾಯಿತು ಕಣೋ! ಒಂದೇ ಸಲಕ್ಕೆ! ಬೀದಿಯವರೆಲ್ಲ ಕಿಟಕಿಯಿಂದ ಇಣುಕಿದರು. ನಾನು ಏನೂ ಆಗದವಳ ಹಾಗೆ ಮುಖ ಮಾಡಿಕೊಂಡು ಕೂತಿದ್ದೆ, ಒಳಗೊಳಗೇ ಕುಣಿಯುತ್ತಿದ್ದೆ. ನಿಮ್ಮಪ್ಪನಿಗೆ ಹೇಳಿದರೆ, "ಅದು ನನಗೂ ಗೊತ್ತಿತ್ತು" ಎಂದರು. ಗೊತ್ತಿದ್ದವರು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರಾ ಎಂದು ಕೇಳಿದ್ದಕ್ಕೆ ಸೊಂಟ ನೋವು ಜಾಸ್ತಿಯಾಯಿತು.

ಈಗ ಬಾಗಿಲ ಹತ್ತಿರದ ಒಗೆಯುವ ಯಂತ್ರ ಮೊಂಡು ಹಿಡಿದಿದೆ. ಒಗೆಯುತ್ತದೆ, ನೀರು ಮಾತ್ರ ಹೊರಗೆ ಬಿಡುವುದಿಲ್ಲ. ಒಳಗಿನದು ಒಂದರಲ್ಲೇ ದಿನವೆಲ್ಲ ಹೆಣಗುತ್ತಿದ್ದೇನೆ. ಇನ್ನೊಂದು, ವ್ಯಾನಿನ ಹಿಂದಿನ ಬಾಗಿಲಿನ ಬೋಲ್ಟು ತುಕ್ಕು ಹಿಡಿದು ಅಲ್ಲಾಡುತ್ತಲೇ ಇಲ್ಲ. ಬ್ರೇಕೂ ಕಿರ್ ಎನ್ನುತ್ತದೆ, ಅದನ್ನೂ ನಾನೇ ಬಿಚ್ಚಲೇನು?

ನಾಲ್ಕೇ ಜನರಾ? ಬದಲಿಯವರು ಯಾವಾಗ ಬರುತ್ತಾರೆ ಎಂದು ಏಜೆಂಟಿನ ಬಾಯಿಂದ ದಿನಾಂಕ ಹೊರಡಿಸು. ನಿನ್ನ ಹೊದಿಕೆ ಮತ್ತೊಮ್ಮೆ ಒಗೆದೆ, ಧೂಳು ಕೂತಿತ್ತು.

ಅಮ್ಮ

ಮಾರ್ಚ್ 28

ಅಮ್ಮಾ,

ದೋಣಿ ಎಷ್ಟೋ ದಿನ ಬರಲಿಲ್ಲ, ಅದಕ್ಕೇ ತಡ.

ಬ್ರೇಕು ಮುಟ್ಟಬೇಡ. ಗಾಡಿ ನಿಲ್ಲಿಸುವ ಸಾಮಾನಿನ ಮೇಲೆ ಮನೆಯಲ್ಲಿ ರಿಪೇರಿ ಕಲಿಯಬಾರದು, ಗ್ಯಾರೇಜಿನವನನ್ನು ಕುತ್ತಿಗೆ ಹಿಡಿದು ಕರೆದುಕೊಂಡು ಬಾ. ಯಂತ್ರಕ್ಕೆ ಮೊದಲು ಪ್ಲಗ್ ಕೀಳು. ಮುಂದುಗಡೆ ಕೆಳಗೆ ಒಂದು ಸಣ್ಣ ಮುಚ್ಚಳ ಇದೆ, ಅಡಿಗೆ ತಟ್ಟೆ ಇಟ್ಟು ನಿಧಾನಕ್ಕೆ ತಿರುಗಿಸು. ಗುಂಡಿ, ಪಿನ್ನು, ಕೂದಲಿನ ಉಂಡೆ, ಗಿರಾಕಿಗಳ ಜೇಬಿನ ಕಸವೆಲ್ಲ ಅಲ್ಲೇ ಕೂತಿರುತ್ತದೆ. ಬೋಲ್ಟಿಗೆ ಎಣ್ಣೆ ಬಿಟ್ಟು ಒಂದು ದಿನ ಸುಮ್ಮನಿರು, ಸುತ್ತಿಗೆಯಿಂದ ತಲೆಯ ಮೇಲೆ ಮೆತ್ತಗೆ ತಟ್ಟು. ಬಿಚ್ಚುವ ಮೊದಲು ಒಂದಿಷ್ಟು ಬಿಗಿ ಮಾಡು, ಆಮೇಲೆ ಸಡಿಲಿಸು. ತುಕ್ಕು ಬಿರುಕು ಬಿಡುತ್ತದೆ. ಏನೇ ಬಿಚ್ಚಿದರೂ ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡು.

ಈಗ ಉಳಿದಿರುವುದು ಇಬ್ಬರೇ. ಡೆಕ್ಕಿನ ಹುಡುಗರಿಬ್ಬರಿಗೆ ಜ್ವರ ಏರಿ ಅವರನ್ನು ದಡಕ್ಕೆ ಸಾಗಿಸಿದರು. ನಾನು ಮತ್ತು ಅಡುಗೆಯವರು. ಅವರನ್ನು ಮಾವ ಎಂದು ಕರೆಯುತ್ತೇನೆ, ಅಪ್ಪನಿಗಿಂತ ದೊಡ್ಡವರು. ನಮ್ಮನ್ನೂ ಇಳಿಸಿ ಎಂದರೆ ಏಜೆಂಟು, "ದೀಪ ಉರೀತಿದೆ, ನೀರು ಬರ್ತಿದೆ, ನಿಮಗೇನಪ್ಪ ಕಷ್ಟ?" ಎನ್ನುತ್ತಾನೆ. ಬಂದರಿನವರೂ ಅದೇ ರಾಗ. ದೀಪ ಉರಿಯುವ ಹಡಗು ಅಂದರೆ ಅವರ ಲೆಕ್ಕದಲ್ಲಿ ನೆಟ್ಟಗಿರುವ ಹಡಗು.

ಆ ದೀಪ ಉರಿಸುವುದಕ್ಕೆ ನಾನು ಪಡುವ ಪಾಡು ನನಗೇ ಗೊತ್ತು. ಜನರೇಟರನ್ನು ತಂಪಾಗಿಡಲು ಸಮುದ್ರದ ನೀರೆಳೆಯುವ ಪಂಪಿನೊಳಗೆ ಅಂಗೈಯಗಲದ ಒಂದು ರಬ್ಬರ್ ಚಕ್ರ ಇದೆ. ಅದರ ಎಸಳೆಲ್ಲ ಹರಿದು ಹೋದವು. ಹೊಸದು ಕೇಳಿದರೆ ಯಾರೂ ಕೊಡುವುದಿಲ್ಲ. ಹಡಗಿನ ಪಕ್ಕಕ್ಕೆ ಕಟ್ಟಿದ್ದ ಹಳೆಯ ಲಾರಿ ಟೈರಿನಿಂದ ಒಂದು ತುಂಡು ಕೊಯ್ದು, ಮಾವನ ತರಕಾರಿ ಚಾಕುವಿನಲ್ಲಿ ಕೆತ್ತಿ ಹೊಸ ಚಕ್ರ ಮಾಡಿದೆ. ಓಡಿತು! ಕೆಲವು ವಾರದಲ್ಲಿ ಸವೆಯುತ್ತದೆ, ಮತ್ತೆ ಕೆತ್ತುತ್ತೇನೆ. ಮಾವ, "ನಿನ್ನ ಕೈಗೆ ಮುತ್ತು ಕೊಡಬೇಕು ಕಣಯ್ಯ" ಎನ್ನುತ್ತಾರೆ.

ನಿನ್ನ ಮಗ

ಏಪ್ರಿಲ್ 24

ಮಗನೇ,

ಯಂತ್ರದ ಮುಚ್ಚಳ ತೆಗೆದರೆ ಒಂದು ಇಡೀ ಅಂಗಡಿಯೇ ಹೊರಗೆ ಬಂತು. ಬೋಲ್ಟೂ ಬಂತು. ಬ್ರೇಕನ್ನು ಗ್ಯಾರೇಜಿನವನೇ ಮಾಡಿದ, ನಾನು ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಕ್ಕೆ ಬೇಗ ಮುಗಿಸಿದ.

ಈಗ ನನ್ನ ಪಾಡು ಕೇಳು. ಲಾಂಡ್ರಿ ಅಮ್ಮನಿಗೆ ರಿಪೇರಿ ಬರುತ್ತದೆ ಎಂದು ಬೀದಿಗೆಲ್ಲ ಗೊತ್ತಾಗಿ ಹೋಗಿದೆ. ಎದುರು ಮನೆಯಾಕೆ ಫ್ಯಾನು ತಂದಿಟ್ಟು ಹೋದಳು. ಮೂಲೆ ಅಂಗಡಿಯವನು ತಕ್ಕಡಿ ತಂದ. ಶಾಲೆಯ ಮೇಷ್ಟ್ರು ಸೈಕಲ್ಲು ಒರಗಿಸಿ, "ಅವಸರ ಏನಿಲ್ಲ, ಸಂಜೆಗೆ ಆದ್ರೆ ಸಾಕು" ಎಂದರು. ಇಸ್ತ್ರಿ ಮೇಜಿನ ಮೇಲೆ ಅಂಗಿಗಿಂತ ಸ್ಕ್ರೂ ಜಾಸ್ತಿ ಇವೆ. ಆಗಲ್ಲ ಎನ್ನಲು ಬಾಯಿ ಬರುವುದಿಲ್ಲ. ಬರುತ್ತದಲ್ಲ, ಬರುವುದನ್ನು ಬರಲ್ಲ ಎಂದು ಹೇಗೆ ಹೇಳಲಿ?

ನಿಮ್ಮಪ್ಪನ ಸೊಂಟ ಯಾವತ್ತೋ ಸರಿಯಾಗಿದೆ. ನಾನು ಇಲ್ಲದಾಗ ಮಾಳಿಗೆ ಹತ್ತಿ ಇಳಿಯುತ್ತಾರಂತೆ, ಎದುರು ಮನೆಯಾಕೆ ಹೇಳಿದಳು. ಕೇಳಿದರೆ, "ನೀನೇ ಇಷ್ಟು ಚೆನ್ನಾಗಿ ನೋಡ್ಕೊಂಡು ಹೋಗ್ತಿದೀಯಲ್ಲ, ಮಧ್ಯೆ ನಾನ್ಯಾಕೆ ಮೂಗು ತೂರಿಸ್ಲಿ?" ಎನ್ನುತ್ತಾರೆ. ಆ ಎರಡು ಯಂತ್ರದ ನಡುವಿನ ಒದ್ದೆ ನೆಲದಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ನಿಂತಿರುತ್ತೇನೆ. ಹೊರಗೆ ಬಿಸಿಲು ಹೇಗಿದೆ ಎಂದು ಗಿರಾಕಿಗಳ ಮುಖ ನೋಡಿ ತಿಳಿದುಕೊಳ್ಳಬೇಕು.

ನಿನಗೆ ಹೇಳಿಕೊಳ್ಳಬಾರದಿತ್ತು, ನಿನ್ನದೇ ನಿನಗೆ ಸಾಕಾಗಿದೆ. ಹೇಳಿಬಿಟ್ಟೆ.

ಅಮ್ಮ

ಜೂನ್ 9

ಅಮ್ಮಾ,

ವ್ಯಾನಿನ ಬೆಲ್ಟು ಕೀಚಲು ಧ್ವನಿ ಮಾಡಿದರೆ, ಇಂಜಿನ್ ಆರಿಸಿ ಬೆಲ್ಟನ್ನು ನಡುವೆ ಹೆಬ್ಬೆರಳಿಂದ ಒತ್ತು. ಒಂದು ಬೆರಳು ದಪ್ಪದಷ್ಟು ಬಗ್ಗಬೇಕು, ಜಾಸ್ತಿ ಬಗ್ಗಿದರೆ

ಇರಲಿ, ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಮನಸ್ಸಿಲ್ಲ.

ಇಲ್ಲಿಂದ ದಡ ಕಾಣುತ್ತದೆ. ಅದೇ ದೊಡ್ಡ ಶಿಕ್ಷೆ. ಒಂದು ಬೀದಿ, ಅದರ ತುದಿಯಲ್ಲಿ ಹಳದಿ ಬಾಗಿಲಿನ ಅಂಗಡಿ, ಬಸ್ಸು ತಿರುಗುವ ಮೂಲೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬರು ಬೆಳಿಗ್ಗೆ ಒಣಹಾಕಿದ ಬಟ್ಟೆಯನ್ನು ಸಂಜೆಯಾದರೂ ತೆಗೆಯುವುದಿಲ್ಲ. ಲಾಂಡ್ರಿಯವರ ಮಗ ನೋಡು, ಮೈ ಉರಿಯುತ್ತದೆ. ಬಣ್ಣ ಹೋಗುತ್ತದೆ ತೆಗೀರಿ ಎಂದು ಕೂಗಬೇಕೆನಿಸುತ್ತದೆ. ಒಂದು ದಿನ ಕೂಗಿಯೂ ಬಿಟ್ಟೆ. ಮಾವ ಓಡಿ ಬಂದು ನನ್ನ ಭುಜ ಹಿಡಿದುಕೊಂಡರು.

ಕೋಣೆ, ಓಣಿ, ಏಣಿ, ಜನರೇಟರು. ಮತ್ತೆ ಏಣಿ, ಓಣಿ, ಕೋಣೆ. ಕಬ್ಬಿಣದ ಗೋಡೆ ಹಗಲಲ್ಲಿ ಕಾದು ರಾತ್ರಿಯೂ ತಣಿಯುವುದಿಲ್ಲ. ಕುಡಿಯುವ ನೀರಿಗೆ ತುಕ್ಕಿನ ರುಚಿ. ಮಾವನಿಗೆ ಕಾಲು ಊದಿಕೊಂಡಿದೆ. ಈ ನಡುವೆ ಅವರು ಒಬ್ಬರೇ ಮಾತಾಡಿಕೊಳ್ಳುತ್ತಾರೆ, ನಾನೂ ಹಾಗೇ ಮಾಡುತ್ತೇನೇನೋ, ಅವರು ನನಗೆ ಹೇಳುವುದಿಲ್ಲ. ಕಳೆದ ಸಲ ಏಜೆಂಟು ಮೇಲೆ ಹತ್ತಿ ಬರಲೂ ಇಲ್ಲ. ದೋಣಿಯಲ್ಲೇ ನಿಂತು ದೀಪದ ಕಡೆ ನೋಡಿ ಕೈಬೀಸಿ ಹೋದ.

ಬದಲಿಯವರು ಬರುವುದಿಲ್ಲ ಅಮ್ಮಾ. ನನಗೆ ಗೊತ್ತಾಗಿದೆ. ಹಡಗು ಮಾರಾಟವಾಗುವವರೆಗೆ ನಾವು ಇಲ್ಲೇ. ಇಂಥ ಹಡಗನ್ನು ಯಾರು ಕೊಳ್ಳುತ್ತಾರೆ?

ನಿನ್ನ ಮಗ

ಜುಲೈ 2

ಮಗನೇ,

ನಿನ್ನ ಕಾಗದ ಓದಿ ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೇ ಬಿಟ್ಟುಬಿಟ್ಟೆ. ಮೇಷ್ಟ್ರ ಬಿಳಿ ಅಂಗಿ, ಬೆನ್ನಿಗೆ ದೊಡ್ಡ ಕಂದು ಗುರುತು. ಹೋಗಲಿ.

ಒಂದು ವಿಷಯ ಹೇಳುತ್ತೇನೆ, ಪೂರ್ತಿ ಓದು. ಹೋದ ವಾರ ಬೆಳಿಗ್ಗೆ ವ್ಯಾನು ಶುರುವಾಗಲಿಲ್ಲ. ಬಾನೆಟ್ ಎತ್ತಿ ನೋಡಿದೆ, ಬ್ಯಾಟರಿಯ ವೈರು ಸಡಿಲವಾಗಿತ್ತು. ಕೈ ಮುಂದೆ ಹೋಯಿತು. ಅಷ್ಟರಲ್ಲಿ ಏನನ್ನಿಸಿತೋ, ಬಾನೆಟ್ ಹಾಗೇ ಬಿಟ್ಟು ಒಳಗೆ ಹೋಗಿ ಟೀ ಮಾಡಿಕೊಂಡು ಬಂದು ಮೆಟ್ಟಿಲ ಮೇಲೆ ಕೂತೆ. ನಿಮ್ಮಪ್ಪ ಬಂದು, "ಏನಾಯ್ತೇ?" ಎಂದರು. "ಗೊತ್ತಿಲ್ಲ" ಎಂದೆ. "ನೋಡೇ ಸ್ವಲ್ಪ." "ನನ್ನ ಕೈಲಿ ಆಗಲ್ಲ ರೀ."

ಆ ಮಾತು ಗಂಟಲಿಂದ ಹೊರಡಿಸುವುದಕ್ಕೆ ನಾನು ಪಟ್ಟ ಕಷ್ಟ ನಿನಗೇ ಅರ್ಥವಾಗಬೇಕು. ನಿಮ್ಮಪ್ಪ ನನ್ನನ್ನು ನೋಡಿದರು, ಆಮೇಲೆ ವ್ಯಾನನ್ನು. ಹಾಸುಬಟ್ಟೆ ಎಲ್ಲಿ ಎಂದು ಹೋಟೆಲಿನ ಮ್ಯಾನೇಜರು ಫೋನು ಮಾಡಿ ಕೂಗಾಡಿದ. ಕೊನೆಗೆ ಲುಂಗಿ ಮೇಲೆ ಕಟ್ಟಿ, ತಲೆ ಒಳಗೆ ತೂರಿಸಿ, ಬೈದುಕೊಳ್ಳುತ್ತಾ ವೈರು ಬಿಗಿ ಮಾಡಿದರು. ಹಾಸುಬಟ್ಟೆಯನ್ನೂ ತಾವೇ ಹೊತ್ತು ಹಾಕಿ ಹೋಟೆಲಿಗೆ ಕೊಟ್ಟು ಬಂದರು. ಅವತ್ತಿನಿಂದ ವ್ಯಾನು ಅವರದೇ. ಎದುರು ಮನೆಯಾಕೆಯ ಫ್ಯಾನನ್ನೂ ಬಿಚ್ಚಿದ ಹಾಗೇ ವಾಪಸು ಕೊಟ್ಟೆ. ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ.

ಮೆಟ್ಟಿಲ ಮೇಲೆ ಕೂತಿದ್ದಾಗ ನೀನೇ ಕಣ್ಣ ಮುಂದೆ ಬಂದೆ. ನಿನ್ನನ್ನು ಆ ಹಡಗಿನಲ್ಲಿ ಹಿಡಿದಿಟ್ಟಿರುವುದು ಕಾನೂನೂ ಅಲ್ಲ, ಏಜೆಂಟೂ ಅಲ್ಲ ಕಣೋ. ನೀನು ಕೆತ್ತುತ್ತಿದ್ದೀಯಲ್ಲ, ಆ ರಬ್ಬರ್ ಚಕ್ರ. ನೀನು ಸರಿ ಮಾಡುತ್ತಾ ಇರುವವರೆಗೆ ಅವರಿಗೆ ಏನೂ ಕೆಟ್ಟಿಲ್ಲ. ಈ ಸಲ ಅದು ಸವೆದಾಗ ಹೊಸದು ಕೆತ್ತಬೇಡ. ಕೈ ಕಟ್ಟಿ ಕೂತುಬಿಡು.

ಬರೆಯುವಾಗ ನನಗೇ ಭಯವಾಗುತ್ತಿದೆ. ಸುತ್ತ ನೀರು, ಒಳಗೆ ಕತ್ತಲೆ, ಜೊತೆಗೆ ಕಾಲು ಊದಿದ ಹಿರಿಯರು. ಆದರೂ ಬರೆಯುತ್ತಿದ್ದೇನೆ.

ಅಮ್ಮ

ಜುಲೈ 20

ಅಮ್ಮಾ,

ಇದು ವ್ಯಾನಲ್ಲ. ನೀನು ಮೆಟ್ಟಿಲ ಮೇಲೆ ಕೂತು ಟೀ ಕುಡಿದಷ್ಟು ಸುಲಭವೂ ಅಲ್ಲ. ದೀಪ ಆರಿದರೆ ದೊಡ್ಡ ಹಡಗು ಯಾವುದಾದರೂ ಬಂದು ಗುದ್ದಬಹುದು. ಪಂಪು ನಿಂತರೆ ಕೆಳಗೆ ಸೋರುವ ನೀರನ್ನು ಬಕೆಟ್ಟಿನಲ್ಲಿ ಎತ್ತಬೇಕು. ಮಾವನಿಗೆ ಕತ್ತಲೆ ಕಂಡರೆ ಆಗುವುದಿಲ್ಲ. ನನಗೆ ಬರುವ ಒಂದೇ ಕೆಲಸ ಇದು, ಅದನ್ನೂ ಬಿಟ್ಟು ಇಲ್ಲಿ ನಾನು ಏನಾಗಿ ಇರಲಿ? ಕೆಟ್ಟ ಯಂತ್ರದ ಮುಂದೆ ಸುಮ್ಮನೆ ಕೂರುವುದನ್ನು ನೀನು ನನಗೆ ಯಾವತ್ತು ಕಲಿಸಿದ್ದೆ? ದಯವಿಟ್ಟು ಇಂಥದ್ದನ್ನು ಬರೆಯಬೇಡ.

ನಿನ್ನ ಮಗ

ಆಗಸ್ಟ್ 6

ಮಗನೇ,

ಬೈದಿದ್ದೀಯ, ಸರಿ. ಕಲಿಸಿರಲಿಲ್ಲ, ನಿಜ. ಈಗ ಕಲಿಸುತ್ತಿದ್ದೇನೆ, ನಾನೂ ಈಗಷ್ಟೇ ಕಲಿತದ್ದು.

ದೀಪದ ಮಾತು ಸರಿಯಾಗಿದೆ. ಅದನ್ನು ಆರಲು ಬಿಡಬೇಡ. ನಿಮ್ಮಪ್ಪ ಹೇಳುತ್ತಾರೆ, ಎಣ್ಣೆಯ ಲಾಂದ್ರ ಎಲ್ಲಾದರೂ ಇದ್ದೇ ಇರುತ್ತದಂತೆ, ಅದನ್ನು ಕಂಬಕ್ಕೆ ಕಟ್ಟು. ನೀರು ಬಕೆಟ್ಟಿನಲ್ಲಿ ಎತ್ತು. ಜೀವ ಉಳಿಸುವುದನ್ನೆಲ್ಲ ಮಾಡು. ಹಡಗು ನೆಟ್ಟಗಿದೆ ಎಂದು ತೋರಿಸುವುದನ್ನು ಮಾತ್ರ ಮಾಡಬೇಡ.

ನನಗೆ ನಿನ್ನ ಕೈಚಳಕ ಬೇಡ ಕಣೋ. ನೀನು ಬೇಕು.

ಅಮ್ಮ

ಸೆಪ್ಟೆಂಬರ್ 14

ಅಮ್ಮಾ,

ಈ ಕಾಗದವನ್ನು ಒಂದೇ ಉಸಿರಿಗೆ ಬರೆಯುತ್ತಿದ್ದೇನೆ, ಅಕ್ಷರ ಓಡಿದರೆ ಬೈಯಬೇಡ.

ನಿನ್ನ ಕಾಗದ ಬಂದ ಹೊತ್ತಿಗೆ ಚಕ್ರ ಸವೆದಿತ್ತು. ಜನರೇಟರು ಕಾದು ತಾನೇ ನಿಂತಿತು. ಹೊಸ ರಬ್ಬರ್ ತುಂಡು ಕೊಯ್ದು ಮೇಜಿನ ಮೇಲೆ ಇಟ್ಟಾಗಿತ್ತು. ಅಡುಗೆಮನೆಯಲ್ಲಿ ಮಾವ ಕಾಯುತ್ತಿದ್ದರು. "ಬೇಗ ಮಾಡಪ್ಪ, ಕತ್ತಲಾಗ್ತಿದೆ" ಎಂದರು. ನಿನ್ನ ಎರಡೂ ಕಾಗದಗಳನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೇಜಿನ ಮೇಲಿನ ಚಾಕು ತೆಗೆದುಕೊಂಡು ತೊಳೆದರು. "ಇದು ನನ್ನ ಚಾಕು. ಇನ್ನು ಮೇಲೆ ಇದು ತರಕಾರಿಗೆ ಮಾತ್ರ" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಲಾಂದ್ರ ಸಿಕ್ಕಿತು. ಅದನ್ನು ಕಂಬಕ್ಕೆ ಕಟ್ಟಿದೆವು. ಇಬ್ಬರೂ ಸರದಿಯಲ್ಲಿ ಬಕೆಟ್ಟಿನಲ್ಲಿ ನೀರೆತ್ತಿದೆವು. ಕತ್ತಲೆಯನ್ನು ಹೇಗೋ ತಡೆದುಕೊಂಡೆ, ಜನರೇಟರಿನ ಆ ಮೌನ ತಡೆಯಲು ಆಗಲಿಲ್ಲ. ಅರ್ಧ ಗಂಟೆಯ ಕೆಲಸ ಅಮ್ಮಾ, ಕಣ್ಣು ಕಟ್ಟಿಕೊಂಡು ಮಾಡುತ್ತಿದ್ದೆ. ಎರಡು ಸಲ ಎದ್ದು ಜನರೇಟರಿನ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟು ವಾಪಸು ಬಂದೆ. ಭಯವಾದಾಗ ಮಾವ, ನಿಮ್ಮ ಲಾಂಡ್ರಿಯ ಕಥೆ ಹೇಳು ಎನ್ನುತ್ತಿದ್ದರು. ಅಪ್ಪ ಲುಂಗಿ ಕಟ್ಟಿದ್ದನ್ನು ಎಷ್ಟು ಸಲ ಹೇಳಿಸಿದರೋ.

ಏಜೆಂಟು ಓಡೋಡಿ ಬಂದ, ಈ ಸಲ ಮೇಲೆ ಹತ್ತಿದ. "ಏನಯ್ಯಾ ಇದು? ಮಾಡು ಬೇಗ" ಎಂದ. "ನನ್ನ ಕೈಲಿ ಆಗಲ್ಲ ಸಾರ್" ಎಂದೆ. ಬೈದ, ಬೆದರಿಸಿದ, ಬಿಸ್ಕತ್ತು ಕೊಟ್ಟ, ಮತ್ತೆ ಬೈದ. ಮಾವ ಅವನ ಹಿಂದೆಯೇ ಚಾಕು ಹಿಡಿದು ಆಲೂಗಡ್ಡೆ ಹೆಚ್ಚುತ್ತಾ ನಿಂತಿದ್ದರು.

ಎರಡು ವಾರ ಹಾಗೇ ನಡೆಯಿತು. ಕೊನೆಗೆ ದಡದಿಂದ ಯಾರೋ ಬರೀ ಲಾಂದ್ರ ನೋಡಿ, ಹಡಗಲ್ಲಿ ಕರೆಂಟಿಲ್ಲ ಎಂದು ದೂರು ಕೊಟ್ಟರಂತೆ, ಬಂದರಿನ ಅಧಿಕಾರಿಯೇ ಬಂದರು, ತಮ್ಮ ಮೆಕ್ಯಾನಿಕ್ಕನ್ನೂ ಕರೆತಂದರು. ಆತ ಪಂಪಿನ ಮುಚ್ಚಳ ತೆಗೆದ. ಪಕ್ಕದಲ್ಲಿ ಬಟ್ಟೆಯ ಮೇಲೆ ನಾನು ಇಷ್ಟು ತಿಂಗಳು ಕೆತ್ತಿ ಸವೆಸಿದ ಚಕ್ರಗಳು ಸಾಲಾಗಿ ಇದ್ದವು, ಬಿಸಾಡಲು ಮನಸ್ಸು ಬಂದಿರಲಿಲ್ಲ. ಒಂದನ್ನೆತ್ತಿ ಬೆಳಕಿಗೆ ಹಿಡಿದ. "ಇದನ್ನ ಕೆತ್ತಿದ್ದು ಯಾರು?" "ನಾನೇ." "ಟೈರಲ್ಲಾ?" "ಹೂಂ." "ಇನ್ನೊಂದು ಕೆತ್ತೋಕೆ ಬರುತ್ತಾ?"

ಅವನ ಮುಖ ನೋಡಿ ಸುಳ್ಳು ಹೇಳುವುದು ಏಜೆಂಟಿಗೆ ಹೇಳಿದಷ್ಟು ಸುಲಭವಾಗಿರಲಿಲ್ಲ. "ಬರುತ್ತೆ. ಆದ್ರೆ ಕೆತ್ತಲ್ಲ" ಎಂದೆ.

ಆತ ನನ್ನನ್ನು ನೋಡಿದ, ಮಾವನ ಕಾಲು ನೋಡಿದ. ಕೈ ಒರೆಸಿಕೊಂಡು ಅಧಿಕಾರಿಯ ಕಡೆ ತಿರುಗಿ, "ಇದಕ್ಕೆ ಹೊಸ ಪಂಪೇ ಬೇಕು ಸಾರ್. ಅದನ್ನ ಹಡಗಿನ ಮಾಲೀಕನೇ ತರಿಸ್ಬೇಕು. ಇದು ಮನುಷ್ಯರು ಇರೋ ಸ್ಥಿತಿಯಲ್ಲಿಲ್ಲ" ಎಂದ. ಅಧಿಕಾರಿ ಕೆಳಗಿನ ನೀರಿಗೆ ಟಾರ್ಚು ಬಿಟ್ಟು ನೋಡಿದರು. ಹಡಗಿನ ಕಾವಲಿಗೆ ಬಂದರಿನ ದೋಣಿ ಬರಲಿ, ಪಾಸ್‌ಪೋರ್ಟು ಸಂಜೆಯೊಳಗೆ ತಮ್ಮ ಮೇಜಿಗೆ ಬರಲಿ ಎಂದು ಏಜೆಂಟಿಗೆ ಅಲ್ಲೇ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, "ಸಾಮಾನು ಕಟ್ಕೊಳ್ಳಿ" ಎಂದರು. ಮಾವ ನೆಲದ ಮೇಲೆ ಕೂತುಬಿಟ್ಟರು. ಇಬ್ಬರೂ ಅತ್ತೆವು, ನಾಚಿಕೆಯೇ ಆಗಲಿಲ್ಲ.

ಮಾವನನ್ನು ಸ್ಟ್ರೆಚರಿನಲ್ಲಿ ಅಧಿಕಾರಿಯ ದೋಣಿಗೆ ಇಳಿಸಿದರು. ನನ್ನನ್ನು ತರಕಾರಿ ದೋಣಿಗೆ ಹತ್ತಿಸಿದರು. ಹೊರಟ ಸ್ವಲ್ಪ ಹೊತ್ತಿಗೇ ಅದರ ಇಂಜಿನ್ ಬಡಿತ ತಪ್ಪತೊಡಗಿತು. ಡೀಸೆಲ್ ಬರುವ ನಳಿಕೆ ಎಲ್ಲೋ ಸಡಿಲವಾಗಿ ಗಾಳಿ ಎಳೆಯುತ್ತಿದೆ ಎಂದು ಕಿವಿಗೇ ತಿಳಿಯಿತು. ಎರಡೂ ಕೈ ತೊಡೆಯಡಿ ಇಟ್ಟುಕೊಂಡು ದಡ ಬರುವವರೆಗೆ ಹಲ್ಲು ಕಚ್ಚಿ ಕೂತೆ. ಕಟ್ಟೆಯ ಮೇಲೆ ಎರಡೂ ಕಾಲು ಊರಿದ ಮೇಲೆ ತಿರುಗಿ, "ಅಣ್ಣಾ, ಡೀಸೆಲ್ ನಳಿಕೆ ಸಡಿಲ ಆಗಿದೆ, ಬಿಗಿ ಮಾಡ್ಸು" ಎಂದೆ.

"ಹೌದಾ? ಒಂದ್ನಿಮಿಷ ಇಳಿದು ನೀನೇ ನೋಡ್ಬಿಡಪ್ಪ" ಎಂದ.

ಇಲ್ಲ ಎಂದೆ. ನಡೆಯುತ್ತಾ ಹೋದೆ ಅಮ್ಮಾ, ಹಿಂದೆ ತಿರುಗಿ ನೋಡಲಿಲ್ಲ.

ನಿನ್ನ ಮಗ